ಉಸಿರಿನ ಹಾದಿಯ ಕಾವಲು

ಮುಂಬಯಿಗೆ ಮಳೆ ಬಂತೆಂದು ತಿಳಿಯಲು ನಾವು ಕಿಟಕಿಯ ಹೊರಗೆ ನೋಡಬೇಕಾಗಿಲ್ಲ. ನಾವಿರುವ ಸರಕಾರಿ ವಸತಿಯ ಕಟ್ಟಡದಲ್ಲಿ ಮೊದಲು ಕೆಳಗಿನ ಮನೆಯಲ್ಲೊಂದು ಸೀನು ಕೇಳಿಸುತ್ತದೆ. ಮರುದಿನ ಎದುರು ಮನೆಯಲ್ಲಿ. ವಾರ ತುಂಬುವುದರೊಳಗೆ ಕಚೇರಿಯಲ್ಲಿ ನಮ್ಮ ಸಾಲಿನ ಮೂರು ಜನ ಕರವಸ್ತ್ರ ಹಿಡಿದು ಕುಳಿತಿರುತ್ತಾರೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಒಬ್ಬರ ಕೆಮ್ಮಿಗೆ ಇನ್ನೊಬ್ಬರ ಹೆಗಲೇ ಅಡ್ಡ. ಇಷ್ಟಾದರೂ ನೆಗಡಿಯನ್ನು ರೋಗವೆಂದು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. "ಮದ್ದು ತಿಂದರೆ ಏಳು ದಿನ, ತಿನ್ನದಿದ್ದರೆ ಒಂದು ವಾರ" ಎಂದು ನಗುತ್ತಲೇ ಔಷಧದ ಅಂಗಡಿಯ ಮುಂದೆ ನಿಲ್ಲುತ್ತೇವೆ.

ನಾವೂ ಹಾಗೆಯೇ ನಿಂತವರು. 2023ರ ಜೂನಿನಲ್ಲಿ ನಮ್ಮ ಮಗಳು ಚಿನ್ನಿಗೆ ನೆಗಡಿಯಾಯಿತು. ಆಗ ಅವಳಿಗೆ ಎರಡೂವರೆ ವರ್ಷ. ಕಚೇರಿಯಿಂದ ಬರುವಾಗ ಅಂಗಡಿಯವನಿಗೆ ಹೇಳಿ, ಚೀಟಿಯಿಲ್ಲದೆಯೇ ಒಂದು ಆ್ಯಂಟಿಬಯಾಟಿಕ್ ಔಷಧದ ಸೀಸೆ ತಂದೆವು. ಮೂರು ದಿನ ಕೊಟ್ಟೆವು, ಮೂಗು ಒಣಗಿತು, ಉಳಿದ ಔಷಧವನ್ನು ಫ್ರಿಜ್ಜಿನಲ್ಲಿಟ್ಟೆವು. ಔಷಧಕ್ಕೆ ಗುಣ ಬಂದಿತೆಂದು ನಂಬಿದೆವು. ಜುಲೈಯಲ್ಲಿ ಮತ್ತೆ ನೆಗಡಿ, ಕೆಮ್ಮು, ಜ್ವರ. ಮತ್ತೆ ಅದೇ ಸೀಸೆ ಹೊರಗೆ ಬಂತು.

ನಾಲ್ಕನೆಯ ರಾತ್ರಿ ಮಗು ಹಾಲು ಕುಡಿಯಲೊಲ್ಲದೆ ಅಜ್ಜಿಯ ಹೆಗಲ ಮೇಲೆ ಬಾಡಿದ ಹೂವಿನಂತೆ ಬಿದ್ದುಕೊಂಡಿತು. ನಮ್ಮ ತಾಯಿ ಆಗಷ್ಟೆ ಧಾರವಾಡದಿಂದ ಬಂದಿದ್ದರು. ಅವರು ಮಗುವಿನ ಅಂಗಿ ಎತ್ತಿ ನೋಡಿ, "ತಮ್ಮಾ, ಇಲ್ಲಿ ಬಾ. ಕೂಸಿನ ಪಕ್ಕಿ ನೋಡು, ಹೆಂಗ ಒಳಗ ಸೆಳ್ಯಾಕ ಹತ್ತೈತಿ" ಎಂದರು. ನಾವು ನೋಡಿದೆವು, ನೋಡಿಯೂ ಕಾಣಲಿಲ್ಲ. "ಬೆಳಿಗ್ಗೆ ನೋಡೋಣ ಅವ್ವಾ, ಬರೇ ನೆಗಡಿ" ಎಂದೆವು. ಸದ್ದು ಕೇಳಿ ಬಂದ ಪಕ್ಕದ ಮನೆಯ ಕಾನಪುರದ ಹೆಂಗಸು ಒಂದೇ ನೋಟಕ್ಕೆ, "ಪಸಲಿ ಚಲ್ ರಹೀ ಹೈ, ಅಭೀ ಲೇ ಜಾಓ" ಎಂದಳು. ಧಾರವಾಡದ ಅಜ್ಜಿಯೂ ಕಾನಪುರದ ತಾಯಿಯೂ ಬೇರೆ ಬೇರೆ ಭಾಷೆಯಲ್ಲಿ ಒಂದೇ ಮಾತನ್ನು ಹೇಳಿದ್ದರು. ಬಿ.ಎ. ಓದಿದ ನಮಗೆ ಮಾತ್ರ ಅದು ತಿಳಿದಿರಲಿಲ್ಲ.

ಆಸ್ಪತ್ರೆಯ ತರುಣ ವೈದ್ಯರು ಎದೆಗೆ ನಳಿಗೆ ಹಚ್ಚುವ ಮೊದಲು ಮಗುವಿನ ಹೊಟ್ಟೆಯನ್ನೂ ತಮ್ಮ ಕೈಗಡಿಯಾರವನ್ನೂ ಒಂದು ನಿಮಿಷ ಪೂರ್ತಿ ನೋಡುತ್ತ ನಿಂತರು. ಆಮೇಲೆ, "ಐವತ್ತಾರು. ನ್ಯುಮೋನಿಯ" ಎಂದರು. ಹೆಸರು, ವಿಳಾಸ, ಉದ್ಯೋಗ ಬರೆದುಕೊಳ್ಳುವಾಗ ನಾವು ಲೆಕ್ಕಪತ್ರ ವಿಭಾಗದ ಗುಮಾಸ್ತರೆಂದು ತಿಳಿದು, ಬೇಸರವಿಲ್ಲದೆಯೇ ಮರಾಠಿಯಲ್ಲಿ ಕೇಳಿದರು: "ದಿನವೆಲ್ಲ ಎಣಿಸುವ ಕೆಲಸವೇ ನಿಮ್ಮದು. ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಲಿಲ್ಲವೇ?"

ಐದು ದಿನ ಆಮ್ಲಜನಕ, ಸೂಜಿ, ಔಷಧಗಳಾದ ಮೇಲೆ ಮಗು ಮನೆಗೆ ಬಂತು. ಆ ಪ್ರಶ್ನೆ ಮಾತ್ರ ನಮ್ಮೊಡನೆಯೇ ಉಳಿಯಿತು. ಅಂದಿನಿಂದ ನಾವು ಬಲ್ಲವರನ್ನು ಕೇಳಿ, ಗ್ರಂಥಾಲಯದಲ್ಲಿ ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ. ನಾವು ವೈದ್ಯರಲ್ಲ, ತಪ್ಪು ಮಾಡಿ ಕಲಿತ ತಂದೆತಾಯಿಗಳು, ಅಷ್ಟೆ.

ಹೆಬ್ಬಾಗಿಲು

ಬೆಳೆದ ಮನುಷ್ಯನೊಬ್ಬನು ದಿನವೊಂದಕ್ಕೆ ಸುಮಾರು 10,000 ಲೀಟರು ಗಾಳಿಯನ್ನು ಒಳಗೆ ಸೆಳೆಯುತ್ತಾನೆ. ಅನ್ನವನ್ನು ಆರಿಸಿ, ತೊಳೆದು, ಬೇಯಿಸಿ ತಿನ್ನುತ್ತೇವೆ. ನೀರನ್ನು ಸೋಸಿ ಕುಡಿಯುತ್ತೇವೆ. ಗಾಳಿಗೆ ಮಾತ್ರ ಇಂಥ ಉಪಚಾರವಿಲ್ಲ. ಧೂಳು, ಹೊಗೆ, ಹೂವಿನ ಪರಾಗ, ರೋಗಾಣು ಎಲ್ಲವೂ ಅದರೊಡನೆ ಬರುತ್ತವೆ. ಅದು ಹೋಗಿ ಸೇರುವ ಶ್ವಾಸಕೋಶವೋ ಬಹಳ ನವಿರಾದ ಅಂಗ. ಅದರೊಳಗೆ 30 ಕೋಟಿಗೂ ಮೇಲ್ಪಟ್ಟು ಸಣ್ಣ ಗಾಳಿಚೀಲಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು, ಎಂದರೆ ನಮ್ಮಂಥ ನೌಕರರ ಇಡೀ ಮನೆಗಿಂತಲೂ ಹೆಚ್ಚು ಜಾಗ ಬೇಕಾದೀತು. ಆ ಚೀಲಗಳ ಗೋಡೆ ಎಷ್ಟು ತೆಳುವೆಂದರೆ ಗಾಳಿಯಲ್ಲಿಯ ಆಮ್ಲಜನಕವು ಅದರ ಮೂಲಕ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಇಷ್ಟು ತೆಳುವಾದ ಗೋಡೆಯ ಮೇಲೆ ಬೀದಿಯ ಗಾಳಿಯನ್ನು ಹಾಗೆಯೇ ಬಿಟ್ಟರೆ ಯಾರೂ ಹೆಚ್ಚು ದಿನ ಬದುಕಲಾರರು. ಆದಕಾರಣ ದಾರಿಯುದ್ದಕ್ಕೂ ಕಾವಲು ಉಂಟು.

ಮೊದಲನೆಯ ಕಾವಲು ಮೂಗು. ನಮ್ಮ ಕಚೇರಿಯ ಬಾಗಿಲಲ್ಲಿ ಕುಳಿತ ಜವಾನನಂತೆ ಅದು ಬಂದವರನ್ನೆಲ್ಲ ತಡೆದು ನೋಡುತ್ತದೆ. ಹೊಳ್ಳೆಯ ಕೂದಲುಗಳು ದೊಡ್ಡ ಕಸವನ್ನು ಹಿಡಿಯುತ್ತವೆ. ಒಳಗೆ ಎರಡೂ ಬದಿಯಲ್ಲಿ ಸುರುಳಿಯಂಥ ಮೂರು ಮೂರು ಎಲುಬಿನ ಮಡಿಕೆಗಳಿದ್ದು, ಅವುಗಳ ಮೇಲೆ ರಕ್ತ ತುಂಬಿದ ತೇವದ ಪೊರೆ ಹಬ್ಬಿದೆ. ಗಾಳಿ ಈ ಮಡಿಕೆಗಳನ್ನು ಸುತ್ತಿ ಹೋಗುವಷ್ಟರಲ್ಲಿ ಬೆಚ್ಚಗಾಗುತ್ತದೆ, ತೇವವಾಗುತ್ತದೆ, ಧೂಳನ್ನು ಲೋಳೆಗೆ ಅಂಟಿಸಿ ಬರುತ್ತದೆ. ಬಾಯಿಂದ ಉಸಿರಾಡುವವನು ಈ ಸೇವೆಯನ್ನೆಲ್ಲ ಕಳೆದುಕೊಳ್ಳುತ್ತಾನೆ.

ನಾವು ಅಸಹ್ಯಪಟ್ಟು ಒರೆಸಿ ಹಾಕುವ ಈ ಲೋಳೆಯೂ ಸಾಮಾನ್ಯ ವಸ್ತುವಲ್ಲ. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯರು 1921ರಲ್ಲಿ ನೆಗಡಿಯಾದ ಮೂಗಿನ ಸಿಂಬಳವನ್ನು ಬ್ಯಾಕ್ಟೀರಿಯ ಬೆಳೆಸಿದ ತಟ್ಟೆಗೆ ಹಾಕಿ ನೋಡಿದರು. ಅದು ತಗಲಿದಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯ ಕರಗಿಹೋಗಿದ್ದವು. ಆ ವಸ್ತುವಿಗೆ ಅವರು ಲೈಸೋಜೈಮ್ ಎಂದು ಹೆಸರಿಟ್ಟರು. ಅದು ಕಣ್ಣೀರಿನಲ್ಲಿಯೂ ಎಂಜಲಿನಲ್ಲಿಯೂ ಕೋಳಿಮೊಟ್ಟೆಯ ಬಿಳಿಯಲ್ಲಿಯೂ ಇದೆ. ಏಳು ವರ್ಷಗಳ ಮೇಲೆ, 1928ರಲ್ಲಿ, ಪೆನಿಸಿಲಿನ್ನನ್ನು ಕಂಡುಹಿಡಿದು ಜಗತ್ಪ್ರಸಿದ್ಧರಾದ ಫ್ಲೆಮಿಂಗರು ಇವರೇ. ಅವರ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ.

ಮೇಲಕ್ಕೆ ಸಾಗಿಸುವ ದಾರಿ

ಮೂಗನ್ನು ದಾಟಿದ ಸಣ್ಣ ಕಣಗಳಿಗೆ ಶ್ವಾಸನಾಳದಲ್ಲಿ ಇನ್ನೊಂದು ಏರ್ಪಾಡು ಕಾದಿದೆ. ನಾಳದ ಒಳಗೋಡೆಯ ಜೀವಕೋಶಗಳ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಒಂದೊಂದು ಕೋಶದ ಮೇಲೆ ಸುಮಾರು 200. ಅವುಗಳ ಮೇಲೆ ಲೋಳೆಯ ತೆಳುವಾದ ಹಾಸು. ರೋಮಗಳು ಒಂದು ಸೆಕೆಂಡಿಗೆ ಹತ್ತು ಹದಿನೈದು ಸಲ ಒಂದೇ ದಿಕ್ಕಿಗೆ ಬಡಿಯುತ್ತವೆ. ಧಾರವಾಡದ ಕಡೆ ಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ಪೈರು ಬಾಗಿ ಏಳುವ ತೆರೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಈ ತೆರೆಯ ಮೇಲೆ ಲೋಳೆಯ ಹಾಸು, ತನಗೆ ಅಂಟಿದ ಧೂಳು ರೋಗಾಣುಗಳೊಡನೆ, ನಿಮಿಷಕ್ಕೆ ಕೆಲವು ಮಿಲಿಮೀಟರುಗಳಂತೆ ಮೇಲಕ್ಕೆ ಗಂಟಲಿನ ಕಡೆ ಸಾಗುತ್ತದೆ. ಅಲ್ಲಿಂದ ನಮಗೆ ತಿಳಿಯದಂತೆಯೇ ಅದನ್ನು ನುಂಗುತ್ತೇವೆ. ಜಠರದ ಆಮ್ಲವು ಉಳಿದ ಕೆಲಸ ಮುಗಿಸುತ್ತದೆ. ಹಗಲಿರುಳೂ, ರಜೆಯಿಲ್ಲದೆ ನಡೆಯುವ ಕೆಲಸವಿದು.

ಇದಕ್ಕೆ ದೊಡ್ಡ ಶತ್ರು ಹೊಗೆ. ಬೀಡಿ ಸಿಗರೇಟಿನ ಹೊಗೆ ರೋಮಗಳನ್ನು ಜಡಗೊಳಿಸುತ್ತದೆ. ವರ್ಷಗಟ್ಟಲೆ ಸೇದಿದವನಲ್ಲಿ ಅವು ನಾಶವೂ ಆಗುತ್ತವೆ. ಆಗ ಲೋಳೆ ತಾನಾಗಿ ಮೇಲೆ ಬರಲಾರದೆ ಕೆಳಗೇ ನಿಲ್ಲುತ್ತದೆ. ಹೊಗೆಸೊಪ್ಪಿನ ಚಟವಿದ್ದವರು ಬೆಳಿಗ್ಗೆ ಎದ್ದು ಅರ್ಧ ಗಂಟೆ ಕೆಮ್ಮುವುದಕ್ಕೆ ಇದೊಂದು ಕಾರಣ. ತಂದೆ ಸೇದಿದ ಹೊಗೆ ಮಗುವಿನ ನಾಳಕ್ಕೂ ಹೋಗುತ್ತದೆ; ಒಲೆಯ ಹೊಗೆಯೂ ಹಾಗೆಯೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಉರಿಯುವ ಸೊಳ್ಳೆಬತ್ತಿಯ ಹೊಗೆಯೂ ಒಳ್ಳೆಯದಲ್ಲ. ನಮ್ಮ ಮನೆಯಲ್ಲಿ ಅಂದಿನವರೆಗೆ ಪ್ರತಿ ರಾತ್ರಿಯೂ ಅದು ಉರಿಯುತ್ತಿತ್ತು. ಈಗ ಸೊಳ್ಳೆಪರದೆ ಕಟ್ಟಿದ್ದೇವೆ.

ಕೆಮ್ಮು ಶತ್ರುವೇ?

ಮೆಲ್ಲನೆಯ ಸಾಗಣೆಯಿಂದ ಆಗದ ಕೆಲಸವನ್ನು ಸೀನೂ ಕೆಮ್ಮೂ ಒಂದೇ ಏಟಿಗೆ ಮಾಡುತ್ತವೆ. ಕೆಮ್ಮುವಾಗ ಮೊದಲು ಉಸಿರನ್ನು ಆಳವಾಗಿ ಎಳೆದುಕೊಳ್ಳುತ್ತೇವೆ. ಧ್ವನಿಪೆಟ್ಟಿಗೆಯ ಬಾಗಿಲು ಮುಚ್ಚುತ್ತದೆ. ಎದೆ ಹೊಟ್ಟೆಗಳ ಸ್ನಾಯುಗಳು ಒತ್ತುತ್ತವೆ. ಬಾಗಿಲು ಥಟ್ಟನೆ ತೆರೆದು ಗಾಳಿ ಕಫದೊಡನೆ ಸಿಡಿಯುತ್ತದೆ. ಕೆಮ್ಮು ರೋಗದ ಗುರುತಾದರೂ ಶರೀರದ ಆಯುಧವೂ ಹೌದು. ಅದನ್ನು ಅದುಮಿಡುವ ಔಷಧವನ್ನು ಮಕ್ಕಳಿಗೆ ಕೊಡುವುದೆಂದರೆ ಕಾವಲುಗಾರನ ಕೈ ಕಟ್ಟಿದಂತೆ. ವಿಷದ ದ್ರಾವಕ ಬೆರೆತ ಕೆಮ್ಮಿನ ಔಷಧ ಕುಡಿದು 2025ರಲ್ಲಿ ಮಧ್ಯಪ್ರದೇಶದಲ್ಲಿ ಹಲವು ಮಕ್ಕಳು ತೀರಿಕೊಂಡದ್ದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಆ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರಕಾರದ ಆರೋಗ್ಯ ಇಲಾಖೆಯು, ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ ಕೆಮ್ಮಿನ ಔಷಧಗಳನ್ನು ಕೊಡಕೂಡದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ಬೇಡವೆಂದೂ ಸೂಚನೆ ಹೊರಡಿಸಿತು.

ಒಂದು ವರ್ಷ ದಾಟಿದ ಮಗುವಿಗೆ ಒಂದು ಚಮಚೆ ಜೇನುತುಪ್ಪ ಗಂಟಲಿಗೆ ಹಿತವಾಗುತ್ತದೆ. ವರ್ಷದೊಳಗಿನ ಕೂಸಿಗೆ ಮಾತ್ರ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯ ಎಳೆಯ ಕರುಳಿನಲ್ಲಿ ವಿಷವನ್ನು ಉಂಟುಮಾಡಬಲ್ಲದು. ನಮ್ಮ ಕಡೆ ಹುಟ್ಟಿದ ಕೂಸಿಗೆ ಜೇನು ಮುಟ್ಟಿಸುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಯಿತು.

ಒಳಗಿನ ಕಾವಲು

ಅತಿ ಸಣ್ಣ ಕಣಗಳು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದೆರಡು ಪಾಲಿನಷ್ಟಿರುವವು, ಇಷ್ಟೆಲ್ಲ ತಡೆಗಳನ್ನು ದಾಟಿ ಗಾಳಿಚೀಲಗಳನ್ನು ಸೇರಬಲ್ಲವು. ಅಲ್ಲಿ ರೋಮಗಳಿಲ್ಲ. ಅಲ್ಲಿಯ ಕಾವಲು ಕಣಭಕ್ಷಕ ಕೋಶಗಳದು. ಅವು ಚೀಲದ ಗೋಡೆಯ ಮೇಲೆ ಹರಿದಾಡುತ್ತ ಸಿಕ್ಕ ಧೂಳನ್ನೂ ರೋಗಾಣುವನ್ನೂ ನುಂಗಿ ಜೀರ್ಣಿಸುತ್ತವೆ.

ಇಂಥ ಕೋಶಗಳ ಕೆಲಸವನ್ನು ರಶಿಯದ ಪ್ರಾಣಿಶಾಸ್ತ್ರಜ್ಞ ಎಲೀ ಮೆಚ್ನಿಕಾಫ್ ಅರಿತದ್ದು ಒಂದು ಸೊಗಸಾದ ಕಥೆ. 1882ರಲ್ಲಿ ಅವರು ಸಿಸಿಲಿ ದ್ವೀಪದ ಮೆಸ್ಸಿನಾ ಊರಿನಲ್ಲಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಂದಕ್ಕೆ ತೋಟದ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಚಲಿಸುವ ಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದ ಶತ್ರುವನ್ನು ಸುತ್ತುವರಿಯುವ ದಂಡು ಶರೀರದೊಳಗೇ ಇದೆಯೆಂದು ಅವರು ಸಾರಿದರು. 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ವೈರಸ್ಸುಗಳನ್ನು ಎದುರಿಸುವ ಬಗೆ ಬೇರೆ. ಅವು ಕೋಶದ ಒಳಗೇ ಹೊಕ್ಕು ಬೆಳೆಯುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಇನ್‌ಫ್ಲುಯೆಂಜ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು, ವೈರಸ್ ಹೊಕ್ಕ ಕೋಶಗಳು ಒಂದು ವಸ್ತುವನ್ನು ಹೊರಬಿಡುತ್ತವೆಂದೂ, ಅದು ನೆರೆಯ ಕೋಶಗಳನ್ನು ಎಚ್ಚರಗೊಳಿಸುತ್ತದೆಂದೂ ಕಂಡುಕೊಂಡರು. ಅದೇ ಇಂಟರ್‌ಫೆರಾನ್. ತನ್ನ ಮನೆಗೆ ಕಳ್ಳ ಹೊಕ್ಕಾಗ ಕೂಗಿ ನೆರೆಯವರನ್ನು ಎಬ್ಬಿಸಿದ ಹಾಗೆ. ನೆಗಡಿಯಲ್ಲಿ ನಮಗಾಗುವ ಮೈಕೈ ನೋವು, ಜ್ವರ, ಆಯಾಸಗಳಲ್ಲಿ ಬಹುಪಾಲು ರೋಗಾಣು ಮಾಡಿದ್ದಲ್ಲ. ಈ ಕೂಗು ಓಡಾಟಗಳ ಫಲ. ಸಿಂಬಳ ಹಳದಿಯಾಯಿತು, ಹಸಿರಾಯಿತು ಎಂದು ಗಾಬರಿಪಟ್ಟು ನಾವು ಔಷಧಕ್ಕೆ ಓಡಿದ್ದುಂಟು. ಆ ಬಣ್ಣ ಹೋರಾಡಿದ ಬಿಳಿಯ ರಕ್ತಕಣಗಳದು. ಬಣ್ಣವೊಂದನ್ನೇ ನೋಡಿ ಆ್ಯಂಟಿಬಯಾಟಿಕ್ ಬೇಕೆಂದು ಹೇಳಲಾಗದು.

ಕಡೆಯದು ಶರೀರದ ದಫ್ತರಖಾನೆ. ಒಮ್ಮೆ ಬಂದ ರೋಗಾಣುವಿನ ಚಹರೆಯನ್ನು ಕೆಲವು ಕೋಶಗಳು ಜ್ಞಾಪಕದಲ್ಲಿಟ್ಟು, ಅದು ಮತ್ತೆ ಬಂದರೆ ತಕ್ಕ ಪ್ರತಿಕಾಯಗಳನ್ನು ಬೇಗನೆ ತಯಾರಿಸುತ್ತವೆ. ಹಾಗಾದರೆ ನೆಗಡಿ ಮತ್ತೆ ಮತ್ತೆ ಬರುವುದೇಕೆ? ನೆಗಡಿಗೆ ಕಾರಣವಾದ ವೈರಸ್ಸುಗಳಲ್ಲಿ ರೈನೊವೈರಸ್ ಎಂಬ ಒಂದು ಕುಲದಲ್ಲಿಯೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದರ ಕಡತ ತಯಾರಾಗುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ. ಎಳೆಯ ಮಕ್ಕಳ ದಫ್ತರದಲ್ಲಿ ಕಡತಗಳೇ ಕಡಿಮೆ. ಆದುದರಿಂದ ವರ್ಷಕ್ಕೆ ಆರೆಂಟು ಸಲ ಅವರ ಮೂಗು ಸೋರುವುದು ಸಹಜ.

ಮಳೆಯಲ್ಲಿ ನೆನೆದರೆ ನೆಗಡಿಯಾಗುತ್ತದೆಂಬ ಮಾತನ್ನೂ ಪರೀಕ್ಷೆ ಮಾಡಿದವರಿದ್ದಾರೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ 1990ರವರೆಗೆ ನೆಗಡಿಯನ್ನು ಅಭ್ಯಸಿಸಲೆಂದೇ ಒಂದು ಸಂಸ್ಥೆಯಿತ್ತು. ಅಲ್ಲಿ ಒಪ್ಪಿಕೊಂಡು ಬಂದವರಲ್ಲಿ ಕೆಲವರನ್ನು ಒದ್ದೆ ಮೈಯಲ್ಲಿ ಗಾಳಿಗೆ ನಿಲ್ಲಿಸಿದರು. ಕೆಲವರ ಮೂಗಿಗೆ ನೆಗಡಿಯ ದ್ರವ ಹಾಕಿದರು. ಕೆಲವರಿಗೆ ಎರಡನ್ನೂ ಮಾಡಿದರು. ಬರಿಯ ಚಳಿಯಲ್ಲಿ ನಿಂತವರಿಗೆ ನೆಗಡಿ ಬರಲಿಲ್ಲ. ವೈರಸ್ಸಿಲ್ಲದೆ ನೆಗಡಿಯಿಲ್ಲ. ಆದರೆ ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ, ಒಂದೇ ಡಬ್ಬಿಯಲ್ಲಿ ಒತ್ತಿಕೊಂಡು ಕೂರುತ್ತೇವಲ್ಲ, ವೈರಸ್ಸಿಗೆ ಬೇಕಾದದ್ದು ಅದೇ.

ಕಾವಲು ಮುರಿದಾಗ

ಇಷ್ಟು ಬಲವಾದ ಕಾವಲಿದ್ದೂ ನ್ಯುಮೋನಿಯ ಹೇಗೆ ಬರುತ್ತದೆ? ಹಲವು ಸಲ ವೈರಸ್ಸು ದಾರಿ ಮಾಡಿಕೊಡುತ್ತದೆ. ಅದು ರೋಮಗಳಿರುವ ಕೋಶಗಳನ್ನೇ ಹಾಳುಮಾಡಿದಾಗ, ಮೂಗು ಗಂಟಲುಗಳಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯ ಕೆಳಗಿಳಿದು ಗಾಳಿಚೀಲಗಳಲ್ಲಿ ಬೇರೂರುತ್ತದೆ. ಚೀಲಗಳಲ್ಲಿ ಗಾಳಿಯ ಬದಲು ಕೀವು ನೀರು ತುಂಬುತ್ತದೆ. ಕೆಲವು ವೈರಸ್ಸುಗಳು ತಾವೇ ಅಲ್ಲಿಯವರೆಗೂ ಇಳಿಯುತ್ತವೆ. 2020ರ ಕೋವಿಡ್ಡನ್ನು ನಾವು ಯಾರೂ ಮರೆಯುವಂತಿಲ್ಲ.

ನಮ್ಮ ಈ ಮುಂಬಯಿಗೂ ಇದು ಹೊಸ ಪಾಠವಲ್ಲ. ಮೊದಲನೆಯ ಮಹಾಯುದ್ಧದ ಕಡೆಯ ವರ್ಷದಲ್ಲಿ, 1918ರ ಜೂನಿನಲ್ಲಿ, ಇನ್‌ಫ್ಲುಯೆಂಜ ಇಲ್ಲಿಯ ಬಂದರಿನಲ್ಲಿಯೇ ಇಳಿಯಿತು. ಸಪ್ಟಂಬರಿನಲ್ಲಿ ಅದರ ಎರಡನೆಯ ಅಲೆ ಎದ್ದು ರೈಲುದಾರಿಗುಂಟ ದೇಶವನ್ನೆಲ್ಲ ವ್ಯಾಪಿಸಿತು. ಹಿಂದುಸ್ಥಾನದಲ್ಲಿ 1 ಕೋಟಿಗೂ ಮಿಕ್ಕಿ ಜನ ಸತ್ತರು. ಆಗ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಇನ್‌ಫ್ಲುಯೆಂಜದ ಬೆನ್ನಿಗೆ ಬಂದ ಬ್ಯಾಕ್ಟೀರಿಯದ ನ್ಯುಮೋನಿಯವೆಂದು ಸಂಶೋಧಕರು ಹೇಳುತ್ತಾರೆ. ಅಂದು ಪೆನಿಸಿಲಿನ್ ಇರಲಿಲ್ಲ. ಇಂದು ಔಷಧವುಂಟು, ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರೊಂದು ವರ್ಷದಲ್ಲಿಯೇ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯದಿಂದ ತೀರಿಕೊಂಡರು.

ಔಷಧವಿದ್ದೂ ಸಾಯುವುದಕ್ಕೆ ಎರಡು ಕಾರಣಗಳು ನಮ್ಮ ಮನೆಯಲ್ಲಿಯೇ ನಡೆದವು. ಒಂದು, ಬೇಡದಲ್ಲಿ ಔಷಧ ಕೊಟ್ಟದ್ದು. ಇನ್ನೊಂದು, ಬೇಕಾದಾಗ ತಡಮಾಡಿದ್ದು.

ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ವೈರಸ್ಸನ್ನಲ್ಲ. ಜೂನಿನ ನೆಗಡಿ ಔಷಧದಿಂದ ಹೋದದ್ದಲ್ಲ. ಹೋಗುವ ದಿನ ಬಂದಿತ್ತು, ಹೋಯಿತು. ಮೂರೇ ದಿನ ಕೊಟ್ಟ ಔಷಧ ಮಗುವಿನ ಮೂಗು ಗಂಟಲುಗಳಲ್ಲಿದ್ದ ಬ್ಯಾಕ್ಟೀರಿಯಕ್ಕೆ ಪಾಠ ಹೇಳಿಕೊಟ್ಟಿರಬಹುದು. ನೀರು ಬೆರೆಸಿದ ಮೇಲೆ ಅಂಥ ಔಷಧ ಒಂದೆರಡು ವಾರಕ್ಕಿಂತ ಹೆಚ್ಚು ಉಳಿಯುವುದೂ ಇಲ್ಲ. ಜುಲೈಯಲ್ಲಿ ನಾವು ಕೊಟ್ಟದ್ದು ಹೆಸರಿಗೆ ಮಾತ್ರ ಔಷಧ. 1945ರಲ್ಲಿ ನೊಬೆಲ್ ಬಹುಮಾನ ಪಡೆದ ಸಂದರ್ಭದ ಭಾಷಣದಲ್ಲಿ ಫ್ಲೆಮಿಂಗರು ಒಂದು ಕಲ್ಪಿತ ಸಂಸಾರದ ಕಥೆ ಹೇಳಿದರು. ಗಂಡನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯದೆ ಔಷಧವನ್ನು ತಾಳಿಕೊಳ್ಳಲು ಕಲಿಯುತ್ತದೆ. ಅದು ಹೆಂಡತಿಗೆ ಅಂಟಿ ನ್ಯುಮೋನಿಯವಾಗುತ್ತದೆ. ಅವಳಿಗೆ ಪೆನಿಸಿಲಿನ್ ನಾಟದೆ ಸಾಯುತ್ತಾಳೆ. ಇದನ್ನು ಓದಿದ ದಿನ ನಮಗೆ ಊಟ ಸೇರಲಿಲ್ಲ. ಔಷಧ ಕಂಡುಹಿಡಿದವರೇ ನಮ್ಮಂಥವರನ್ನು ಮುಂಗಂಡು ಹೇಳಿದಂತಿತ್ತು.

ಒಂದು ನಿಮಿಷದ ಎಣಿಕೆ

ಹಾಗಾದರೆ ಬರಿಯ ನೆಗಡಿ ಯಾವುದು, ನ್ಯುಮೋನಿಯ ಯಾವುದು ಎಂದು ಮನೆಯಲ್ಲಿದ್ದವರು ತಿಳಿಯುವುದೆಂತು? ಇದಕ್ಕೆ ಉತ್ತರ ದೊಡ್ಡ ಯಂತ್ರಗಳಿಂದ ಬರಲಿಲ್ಲ. ಎಕ್ಸ್‌ರೇ ಇಲ್ಲದ ಪಪುವಾ ನ್ಯೂ ಗಿನಿಯ ಗುಡ್ಡಗಾಡಿನಲ್ಲಿ ದುಡಿದ ಫ್ರಾಂಕ್ ಶಾನ್ ಮೊದಲಾದ ವೈದ್ಯರು 1980ರ ದಶಕದಲ್ಲಿ, ಮಗುವಿನ ಉಸಿರಿನ ವೇಗವನ್ನೂ ಎದೆಯ ಸೆಳೆತವನ್ನೂ ನೋಡಿಯೇ ನ್ಯುಮೋನಿಯವನ್ನು ಬಹುಮಟ್ಟಿಗೆ ಗುರುತಿಸಬಹುದೆಂದು ತೋರಿಸಿದರು. ಶ್ವಾಸಕೋಶದ ಚೀಲಗಳು ತುಂಬಿ ಗಟ್ಟಿಯಾದಾಗ ಆಳವಾದ ಉಸಿರು ಸಾಧ್ಯವಾಗದೆ ಮಗು ಚಿಕ್ಕ ಚಿಕ್ಕ ಉಸಿರನ್ನು ಬೇಗ ಬೇಗ ಎಳೆಯುತ್ತದೆ. ಕಾರಣ ಇಷ್ಟು ಸರಳ.

ನಮ್ಮ ಮಹಾರಾಷ್ಟ್ರದಲ್ಲಿಯೇ ಇದಕ್ಕೊಂದು ಉಜ್ವಲ ಉದಾಹರಣೆಯಿದೆ. ಗಡಚಿರೋಲಿಯ ಕಾಡುಸೀಮೆಯ ಹಳ್ಳಿಗಳಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿಗಳು 1988ರಿಂದ ಹಳ್ಳಿಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಉಸಿರನ್ನು ಎಣಿಸಲು ಕಲಿಸಿದರು. ಅಕ್ಷರ ಬಾರದವರಿಗಾಗಿ ಒಂದು ಸಾಧನ ಮಾಡಿದರು: ಒಂದು ನಿಮಿಷ ಸುರಿಯುವ ಮರಳಿನ ಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲೇ ಕೆಂಪು ಮಣಿಯ ಸರದಿ ಬಂದರೆ ನ್ಯುಮೋನಿಯ, ಕೂಡಲೆ ಔಷಧ. 1990ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಈ ಏರ್ಪಾಡಿದ್ದ ಹಳ್ಳಿಗಳಲ್ಲಿ ನ್ಯುಮೋನಿಯದಿಂದ ಸಾಯುವ ಮಕ್ಕಳ ಪ್ರಮಾಣ, ಇಲ್ಲದ ಹಳ್ಳಿಗಳಲ್ಲಿದ್ದುದರ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಹತ್ತರ ಮೇಲೆ ಲೆಕ್ಕ ಬಾರದ ಸೂಲಗಿತ್ತಿ ಮಾಡಿದ ಕೆಲಸವನ್ನು ಲೆಕ್ಕಪತ್ರ ವಿಭಾಗದ ನಾವು ಮಾಡಿರಲಿಲ್ಲ.

ಎಣಿಸುವ ಕ್ರಮ ಹೀಗೆ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಅಂಗಿಯನ್ನು ಎತ್ತಿ, ಬೆಳಕಿನಲ್ಲಿ ಎದೆ ಹೊಟ್ಟೆಗಳನ್ನು ನೋಡಬೇಕು. ಒಮ್ಮೆ ಉಬ್ಬಿ ಇಳಿದರೆ ಒಂದು. ಗಡಿಯಾರವಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುತ್ತದೆ. ಕೆಮ್ಮು ಇರುವ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಗಡಿಗಳು ಇವು:

ಎರಡು ತಿಂಗಳಾಗದ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು;
ಎರಡು ತಿಂಗಳಿಂದ ವರ್ಷದೊಳಗೆ 50 ಅಥವಾ ಹೆಚ್ಚು;
ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು.

ಈ ಗಡಿ ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಜ್ವರದಿಂದಲೂ ಉಸಿರು ತುಸು ವೇಗವಾಗುವುದುಂಟು. ಅದನ್ನು ನಿರ್ಧರಿಸುವ ಕೆಲಸ ಅವರದು. ಉಸಿರನ್ನು ಒಳಗೆಳೆದುಕೊಂಡಾಗ ಪಕ್ಕೆಲುಬಿನ ಕೆಳಗಿನ ಭಾಗ ಒಳಗೆ ಕುಸಿದರೆ, ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಬೆಳಗಾಗುವುದನ್ನು ಕಾಯಬಾರದು. ಎರಡು ತಿಂಗಳೊಳಗಿನ ಕೂಸಿಗಂತೂ ಸ್ವಲ್ಪ ಸಂಶಯವಾದರೂ ಆಸ್ಪತ್ರೆಯೇ ಗತಿ.

ಹಿರಿಯರ ವಿಷಯದಲ್ಲಿ ಎರಡು ಮಾತು. ವಯಸ್ಸಾದವರಿಗೆ ನ್ಯುಮೋನಿಯವಾದಾಗ ಜ್ವರವೇ ಕಾಣದೆ ಬರಿಯ ಮಂಕು, ತಡವರಿಕೆಯ ಮಾತು, ಏದುಸಿರು ಕಾಣಿಸಬಹುದು. ಇನ್ನು, ಎರಡು ವಾರ ಮೀರಿದ ಕೆಮ್ಮನ್ನು ಯಾರೂ ಉಪೇಕ್ಷಿಸಕೂಡದು. ಸರಕಾರಿ ದವಾಖಾನೆಯಲ್ಲಿ ಕಫವನ್ನು ಕ್ಷಯಕ್ಕಾಗಿ ಪರೀಕ್ಷೆ ಮಾಡಿಸಬೇಕು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಯೋಗಗಳು, ಕ್ಷಯರೋಗಿಗೆ ಮನೆಯಲ್ಲಿಯೇ ಔಷಧ ಕೊಟ್ಟು ಗುಣಪಡಿಸಬಹುದೆಂದು ಜಗತ್ತಿಗೆ ತೋರಿಸಿದವು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಮುಚ್ಚಿಡಬೇಕಾದ ರೋಗವಲ್ಲ ಅದು.

ಕಾವಲಿಗೆ ಬಲ

ಕಾವಲಿಗೆ ನಾವು ಕೊಡಬಹುದಾದ ಬಲವೂ ಉಂಟು. ಮೊದಲ ಆರು ತಿಂಗಳು ಬರಿಯ ತಾಯಿಯ ಹಾಲು. ತಾಯಿಯ ಪ್ರತಿಕಾಯಗಳು ಅದರೊಡನೆ ಕೂಸಿಗೆ ಬರುತ್ತವೆ. ಆಮೇಲೆ ಹೊಟ್ಟೆತುಂಬ ಊಟ; ಸೊರಗಿದ ಮಗುವಿನ ಕಾವಲೂ ಸೊರಗುತ್ತದೆ. ಹೊಗೆಯಿಲ್ಲದ ಮನೆ, ಸಾಬೂನಿನಿಂದ ತೊಳೆದ ಕೈ, ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿದ ಬಟ್ಟೆ. ಮತ್ತೆ ಲಸಿಕೆ. ಲಸಿಕೆಯೆಂದರೆ ಕಳ್ಳ ಬರುವ ಮೊದಲೇ ಅವನ ಚಹರೆಯನ್ನು ದಫ್ತರಕ್ಕೆ ಸೇರಿಸಿದಂತೆ. ನ್ಯುಮೋನಿಯಕ್ಕೆ ಕಾರಣವಾದ ಹಿಬ್ ಎಂಬ ಬ್ಯಾಕ್ಟೀರಿಯದ ಲಸಿಕೆ 2011ರಲ್ಲಿ ಕೇರಳ, ತಮಿಳುನಾಡುಗಳಿಂದ ಮೊದಲಾಗಿ ಸರಕಾರದ ಉಚಿತ ಲಸಿಕೆಗಳಲ್ಲಿ ಸೇರಿತು. ನ್ಯುಮೊಕಾಕಸ್ಸಿನ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶಕ್ಕೆಲ್ಲ ಹರಡಿತು. ಅದನ್ನು ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು ಹೀಗೆ ಮೂರು ಸಲ ಹಾಕುತ್ತಾರೆ. ಚಿನ್ನಿಗೆ ಒಂಬತ್ತನೆಯ ತಿಂಗಳ ಲಸಿಕೆಯನ್ನು ಊರಿಗೆ ಹೋಗುವ ಗಡಿಬಿಡಿಯಲ್ಲಿ ತಪ್ಪಿಸಿದ್ದೆವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

2025ರ ಮಳೆಗಾಲದಲ್ಲಿ ಚಿನ್ನಿಗೆ ಮತ್ತೆ ನೆಗಡಿಯಾಯಿತು. ಜ್ವರವೂ ಇತ್ತು. ನಮ್ಮ ಮನೆಯವರು ಶುಂಠಿ ಬೆಲ್ಲ ಹಾಕಿ ಬಿಸಿನೀರು ಕಾಸಿದರು. ರಾತ್ರಿ ಅವಳು ಮಲಗಿದ ಮೇಲೆ ನಾವು ಗಡಿಯಾರ ಹಿಡಿದು ಕೂತೆವು. ನಮ್ಮ ತಾಯಿ ತಾವೂ ಬೆರಳು ಮಡಿಚುತ್ತ ಎಣಿಸಿದರು. "ನಿಂದ ಎಷ್ಟು ಬಂತೋ?" ಎಂದರು. ಇಪ್ಪತ್ತೆಂಟು ಎಂದೆವು. "ನಂದೂ ಅಷ್ಟ. ಮಲಕ್ಕೋ ಹೋಗು" ಎಂದರು. ಅಂಗಡಿಗೆ ಹೋಗಲಿಲ್ಲ. ಏಳನೆಯ ದಿನ ಮಗು ಶಾಲೆಗೆ ಹೋಯಿತು.

ನಮ್ಮ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ, ಮೂರು ಸಂಖ್ಯೆಗಳನ್ನು ಬರೆದಿಟ್ಟಿದ್ದೇವೆ: 60, 50, 40. ಚಿಕ್ಕ ಮಕ್ಕಳಿರುವ ವಾಚಕರು ದಯಮಾಡಿ ಇಂದೇ ತಮ್ಮ ಮನೆಯ ಗೋಡೆಯ ಮೇಲೂ ಬರೆದಿಡಬೇಕೆಂದು ನಮ್ಮ ಬಿನ್ನಹ.